ಮಳೆಯ ಲೆಕ್ಕ ಇಟ್ಟವರು ಕಣ್ಣಿನ ಲೆಕ್ಕ ಇಡಲಿಲ್ಲ

ಶನಿವಾರಸಂತೆಯ ಹತ್ತಿರ ಕಾಫಿ ತೋಟ ಮಾಡಿಕೊಂಡಿರುವ ನಮ್ಮ ದೊಡ್ಡಪ್ಪನ ಮನೆಯಲ್ಲಿ 1984ರಿಂದ ಬರೆದಿಟ್ಟ ಮಳೆ ಪುಸ್ತಕಗಳಿವೆ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಇಂಚು ಎಷ್ಟು, ಸೆಂಟು (ಇಂಚಿನ ನೂರನೇ ಒಂದು ಪಾಲು) ಎಷ್ಟು ಎಂದು ಬರೆದ ಮೇಲೆಯೇ ಅವರಿಗೆ ಕಾಫಿ. ಯಾವ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಯಾವ ತಾರೀಕಿಗೆ ಬಂತು ಎಂದು ಕೇಳಿದರೆ ಎರಡು ನಿಮಿಷದಲ್ಲಿ ಪುಟ ತೆಗೆದು ತೋರಿಸುತ್ತಾರೆ. ಕೊಡಗಿನಲ್ಲಿ ಇದು ವಿಶೇಷವೇನಲ್ಲ, ತೋಟ ಇರುವ ಬಹುಪಾಲು ಮನೆಗಳಲ್ಲಿ ಇಂಥದ್ದೊಂದು ಪುಸ್ತಕ ಸಿಗುತ್ತದೆ.

ಅದೇ ಪುಸ್ತಕದ ಗೆರೆಗಳು ಅವರಿಗೆ ಬಾಗಿ ಕಾಣತೊಡಗಿದವು. ಕನ್ನಡಕದ ದೋಷವಿರಬೇಕೆಂದು ಎರಡು ಸಲ ಕನ್ನಡಕ ಬದಲಾಯಿಸಿದರು. ಬೇಲಿಯ ಕಲ್ಲುಕಂಬಗಳೂ ನಡುವಿನಲ್ಲಿ ಸೊಂಟ ಬಾಗಿಸಿ ನಿಂತಂತೆ ಕಂಡಾಗ ಮನೆಯಲ್ಲಿ ಬಾಯಿಬಿಟ್ಟರು. ಹನ್ನೆರಡು ವರ್ಷದಿಂದ ಶುಗರ್ ಇದ್ದ ಮನುಷ್ಯ. ಮಾತ್ರೆ ತಪ್ಪಿಸಿದವರಲ್ಲ, ರಕ್ತ ಪರೀಕ್ಷೆಯನ್ನೂ ಮಾಡಿಸುತ್ತಿದ್ದರು. ಕಣ್ಣಿನ ಒಳಭಾಗವನ್ನು ಮಾತ್ರ ಆ ಹನ್ನೆರಡು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ನೋಡಬೇಕು ಎಂದು ಅವರಿಗೆ ಯಾರೂ ಹೇಳಿರಲೂ ಇಲ್ಲ.

ಮೈಸೂರಿನ ಕಣ್ಣಾಸ್ಪತ್ರೆಯೊಂದರ ಕತ್ತಲ ಕೋಣೆಯಲ್ಲಿ ಅವರನ್ನು ಯಂತ್ರದ ಮುಂದೆ ಕೂರಿಸಿದಾಗ ನಾನು ಹಿಂದೆ ನಿಂತಿದ್ದೆ. "ಅಜ್ಜ, ಗದ್ದ ಇಲ್ಲಿಡಿ, ಹಣೆ ಮುಂದಕ್ಕೆ ತಾಗಿಸಿ. ಒಳಗೆ ಹಸಿರು ಪ್ಲಸ್ ಗುರುತು ಕಾಣ್ತಿದ್ಯಾ? ಅದನ್ನೇ ನೋಡ್ತಿರಿ" ಎಂದಳು ಯಂತ್ರ ನಡೆಸುವ ಹುಡುಗಿ. "ಕಾಣ್ತದಮ್ಮ, ಆದ್ರೆ ಪ್ಲಸ್ಸೇ ಸೊಟ್ಟಗದೆ" ಎಂದರು ದೊಡ್ಡಪ್ಪ. ನಾಲ್ಕೈದು ಸೆಕೆಂಡಿನಲ್ಲಿ ಕೆಲಸ ಮುಗಿದಿತ್ತು. ಪರದೆಯ ಮೇಲೆ ಬೂದು ಬಣ್ಣದ ಪಟ್ಟಿಗಳು ಒಂದರ ಮೇಲೊಂದು ಹಾಸಿದಂತೆ ಬಂದವು. ಸರಿಯಿರುವ ಎಡಗಣ್ಣಿನಲ್ಲಿ ಆ ಪಟ್ಟಿಗಳ ನಡುವೆ ನುಣುಪಾದ ಒಂದು ಗುಳಿ, ಬೊಗಸೆಯ ಹಾಗೆ. ಬಲಗಣ್ಣಿನಲ್ಲಿ ಗುಳಿಯೇ ಇಲ್ಲ. ಅದು ಇರಬೇಕಾದ ಜಾಗ ಗುಡ್ಡದಂತೆ ಉಬ್ಬಿತ್ತು, ಗುಡ್ಡದ ಹೊಟ್ಟೆಯಲ್ಲಿ ಕಪ್ಪು ಕಪ್ಪು ಚೀಲಗಳಿದ್ದವು. ಅಲ್ಲಿ ತುಂಬಿದ್ದು ನೀರು. ಪಕ್ಕದಲ್ಲಿ ದಪ್ಪದ ಅಂಕಿ: 486 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಆ ಜಾಗದಲ್ಲಿ ಸಾಮಾನ್ಯವಾಗಿ ಇರಬೇಕಾದದ್ದು ಇದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ.

ವೈದ್ಯರು ಚಿತ್ರ ನೋಡಿ ಮೊದಲು ಕೇಳಿದ ಪ್ರಶ್ನೆ, "ಹಳೇ ಸ್ಕ್ಯಾನ್ ಏನಾದ್ರೂ ಇದ್ಯಾ? ಎರಡು ಮೂರು ವರ್ಷದ ಹಿಂದಿನದ್ದು?"

ನಲವತ್ತು ವರ್ಷದ ಮಳೆಯ ಲೆಕ್ಕ ಇಟ್ಟವರ ಹತ್ತಿರ ಕಣ್ಣಿನ ಒಂದು ಫೋಟೋ ಇರಲಿಲ್ಲ.

ನಾನು ಈ ಲೇಖನ ಬರೆಯುತ್ತಿರುವುದು ಆ ಪ್ರಶ್ನೆಯ ಕಾರಣಕ್ಕೆ. ಕಣ್ಣಿನ ಒಳಗನ್ನು ಬೆಳಕಿನಿಂದಲೇ ಚಿತ್ರಿಸುವ ವಿದ್ಯೆ ಕಳೆದ ಮೂವತ್ತೈದು ವರ್ಷಗಳಲ್ಲಿ ಎಷ್ಟು ಬೆಳೆದಿದೆಯೆಂದರೆ, ಕುರುಡುತನಕ್ಕೆ ದಾರಿಮಾಡುವ ಅನೇಕ ಕಾಯಿಲೆಗಳನ್ನು ರೋಗಿಗೆ ಗೊತ್ತಾಗುವ ಮುಂಚೆಯೇ ಹಿಡಿಯಬಹುದು. ಕೊಡಗಿನಂಥ ಜಿಲ್ಲೆಯಲ್ಲಿ ಆ ವಿದ್ಯೆ ಜನರ ಹತ್ತಿರ ಬರುವುದು ತೀರಾ ತಡವಾಗಿ, ಅದೂ ಬೇರೆ ಊರಿನಲ್ಲಿ.

ನೋವೇ ಇಲ್ಲದ ಪದರ

ರೆಟಿನಾ, ಕನ್ನಡದಲ್ಲಿ ಅಕ್ಷಿಪಟಲ, ಕಣ್ಣುಗುಡ್ಡೆಯ ಹಿಂಗೋಡೆಗೆ ಅಂಟಿಕೊಂಡ ತೆಳು ಪೊರೆ. ದಪ್ಪ ಹೆಚ್ಚುಕಡಿಮೆ ಕಾಲು ಮಿಲಿಮೀಟರ್. ಅಷ್ಟರಲ್ಲಿಯೇ ಹತ್ತು ಪದರಗಳನ್ನು ವೈದ್ಯರು ಎಣಿಸುತ್ತಾರೆ. ಬೆಳಕನ್ನು ಹಿಡಿಯುವ ಕೋಶಗಳು ಇರುವುದು ಮೇಲೆ ಅಲ್ಲ, ತೀರಾ ತಳದಲ್ಲಿ. ಬೆಳಕು ಉಳಿದ ಪದರಗಳನ್ನೆಲ್ಲ ಹಾದು ಅಲ್ಲಿಗೆ ತಲುಪಬೇಕು. ಓದಲು, ಮುಖ ಗುರುತಿಸಲು, ಸೂಜಿಗೆ ದಾರ ಪೋಣಿಸಲು ಬಳಕೆಯಾಗುವುದು ನಡುವಿನ ಮ್ಯಾಕುಲಾ ಎಂಬ ಚಿಕ್ಕ ಜಾಗ. ದೊಡ್ಡಪ್ಪನ ಚಿತ್ರದಲ್ಲಿ ಮುಚ್ಚಿಹೋಗಿದ್ದ ಗುಳಿ ಅದರ ಕೇಂದ್ರ.

ಕಣ್ಣಿನ ಮೇಲ್ಮೈಗೆ ಒಂದು ಧೂಳಿನ ಕಣ ಬಿದ್ದರೂ ನಾವು ಒದ್ದಾಡುತ್ತೇವೆ. ರೆಟಿನಾಕ್ಕೆ ನೋವು ತಿಳಿಯುವ ನರಗಳಿಲ್ಲ. ಸುಟ್ಟರೂ ಹರಿದರೂ ನೀರು ತುಂಬಿ ಉಬ್ಬಿದರೂ ಅದು ಕೂಗುವುದಿಲ್ಲ. ಜೊತೆಗೆ ಎರಡು ಕಣ್ಣುಗಳಲ್ಲಿ ಒಂದು ಇನ್ನೊಂದರ ಕೊರತೆಯನ್ನು ಮುಚ್ಚಿಬಿಡುತ್ತದೆ, ಅಂಚಿನಲ್ಲಿ ಆದ ನಷ್ಟವನ್ನು ಮೆದುಳು ತನಗೆ ತೋಚಿದ್ದರಿಂದ ತುಂಬಿಕೊಳ್ಳುತ್ತದೆ. ಆದ್ದರಿಂದ "ಕಣ್ಣಿಗೆ ಏನೂ ತೊಂದರೆ ಇಲ್ಲ, ಚೆನ್ನಾಗಿ ಕಾಣ್ತದೆ" ಎನ್ನುವ ಮಾತಿಗೆ ರೆಟಿನಾದ ವಿಷಯದಲ್ಲಿ ಬೆಲೆ ಇಲ್ಲ. ಚಿತ್ರ ತೆಗೆದು ನೋಡಬೇಕು.

ನೋಡುವುದು ಬಹುಕಾಲ ಸಾಧ್ಯವೇ ಇರಲಿಲ್ಲ. ಎದುರಿಗಿರುವವರ ಕಣ್ಣಿನ ಪಾಪೆ ನಮಗೆ ಕಪ್ಪಾಗಿ ಕಾಣುವುದಕ್ಕೆ ಕಾರಣ, ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ ಮತ್ತು ಆ ದಾರಿಗೆ ಕಣ್ಣಿಟ್ಟು ನೋಡಲು ಹೋದರೆ ನಮ್ಮ ತಲೆಯೇ ದೀಪಕ್ಕೆ ಅಡ್ಡವಾಗುತ್ತದೆ. 1851ರಲ್ಲಿ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಓರೆಯಾಗಿ ಹಿಡಿದ ಗಾಜಿನಿಂದ ಬೆಳಕನ್ನು ಒಳಕ್ಕೆ ತಿರುಗಿಸಿ, ಅದೇ ಗಾಜಿನ ಮೂಲಕ ಇಣುಕಿ ನೋಡುವ ಉಪಕರಣವನ್ನು ಜಗತ್ತಿಗೆ ತಿಳಿಸಿದ. ಬದುಕಿರುವ ಮನುಷ್ಯನ ರಕ್ತನಾಳಗಳನ್ನು ಕೊಯ್ಯದೆ, ಚುಚ್ಚದೆ, ನೇರವಾಗಿ ನೋಡಬಹುದಾದ ಜಾಗ ರೆಟಿನಾ ಎಂದು ವೈದ್ಯಲೋಕಕ್ಕೆ ತಿಳಿದದ್ದು ಹಾಗೆ. ಆಮೇಲೆ ಅದಕ್ಕೆ ಕ್ಯಾಮೆರಾ ಸೇರಿತು. ಇಂದು ಫಂಡಸ್ ಫೋಟೋ ಎನ್ನುವುದು ಅದೇ: ಕಿತ್ತಳೆ ಬಣ್ಣದ ಹಿನ್ನೆಲೆಯಲ್ಲಿ ಕೆಂಪು ನಾಳಗಳು, ಒಂದು ಬದಿಯಲ್ಲಿ ನರದ ತಿಳಿ ಹಳದಿ ಬಿಲ್ಲೆ. ಶುಗರ್‌ನಿಂದ ಆದ ಸಣ್ಣ ರಕ್ತಸ್ರಾವ, ಹಳದಿ ಜಿಡ್ಡಿನ ಚುಕ್ಕೆ, ಬಿಪಿಯಿಂದ ಸೆಟೆದುಕೊಂಡ ನಾಳ ಎಲ್ಲ ಅದರಲ್ಲಿ ಕಾಣುತ್ತವೆ.

ಆದರೆ ಫೋಟೋ ಮೇಲ್ನೋಟ ಮಾತ್ರ. ಓಸಿಟಿ, ಅಂದರೆ ದೊಡ್ಡಪ್ಪನ ಕಣ್ಣಿನ ಪದರಗಳನ್ನು ತೋರಿಸಿದ ಆ ಯಂತ್ರ, ಬಂದ ಮೇಲೆ ಆದ ವ್ಯತ್ಯಾಸ ಕೊಡಗಿನವರಿಗೆ ಸುಲಭವಾಗಿ ಅರ್ಥವಾಗಬೇಕು. ಡ್ರೋನ್‌ನಲ್ಲಿ ತೆಗೆದ ತೋಟದ ಚಿತ್ರದಲ್ಲಿ ಸಿಲ್ವರ್ ಓಕ್‌ನ ತಲೆ ಕಾಣುತ್ತದೆ, ನೆರಳು ಕಾಣುತ್ತದೆ, ಹಸಿರು ಚೆನ್ನಾಗಿಯೇ ಇರುತ್ತದೆ. 2018ರ ಆಗಸ್ಟಿನಲ್ಲಿ ಬರೆ (ಗುಡ್ಡದ ಕಡಿದಾದ ಬದಿ) ಕುಸಿದಾಗ ಮಾತ್ರ, ಸೀಳಿ ನಿಂತ ಗುಡ್ಡದ ಬದಿಯಲ್ಲಿ ಮೇಲ್ಮಣ್ಣು ಎಷ್ಟು, ಅದರ ಕೆಳಗಿನ ಕೆಂಪು ಎಷ್ಟು, ನೀರು ಎಲ್ಲಿ ಕೂತಿತ್ತು, ಜಾರುವ ಜೇಡಿ ಎಲ್ಲಿತ್ತು ಎಂಬುದು ಕಣ್ಣಿಗೆ ಬಿತ್ತು. ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ, ಅಂದರೆ ಓಸಿಟಿ, ಬರೆಯನ್ನು ಬೀಳಿಸದೆಯೇ ಆ ಸೀಳುನೋಟ ಕೊಡುತ್ತದೆ.

ಬೆಳಕಿನ ಮಾರ್ದನಿ

ಇದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇದರಷ್ಟು ಚೆಂದದ ಯೋಚನೆ ವೈದ್ಯಕೀಯದಲ್ಲಿ ಹೆಚ್ಚಿಲ್ಲ.

ಕಣಿವೆಯ ಈಚೆ ದಡದಲ್ಲಿ ನಿಂತು ಕೂಗಿದರೆ ಎದುರಿನ ಬಂಡೆಯಿಂದ ಮಾರ್ದನಿ ಬರುತ್ತದೆ. ಒಂದು ಸೆಕೆಂಡಿಗೆ ಬಂದರೆ ಬಂಡೆ ಸುಮಾರು 170 ಮೀಟರ್ ದೂರದಲ್ಲಿದೆ ಎಂದು ಲೆಕ್ಕ ಹಾಕಬಹುದು. ಹೊಟ್ಟೆಯ ಅಲ್ಟ್ರಾಸೌಂಡ್ ಕೆಲಸ ಮಾಡುವುದು ಇದೇ ಲೆಕ್ಕದಲ್ಲಿ. ಬೆಳಕಿನಲ್ಲಿಯೂ ಹೀಗೇ ಮಾಡಿದರೆ ಇನ್ನೂ ಸೂಕ್ಷ್ಮವಾದ ಅಳತೆ ಸಿಗಬೇಕು. ತೊಡಕು ಏನೆಂದರೆ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ರೆಟಿನಾದ ಒಂದು ಪದರದಿಂದ ಮುಂದಿನ ಪದರಕ್ಕೆ ಅದು ದಾಟುವ ಕಾಲವನ್ನು ಅಳೆಯುವ ಗಡಿಯಾರ ಯಾವ ಆಸ್ಪತ್ರೆಯಲ್ಲೂ ಇಲ್ಲ.

ಉಪಾಯ ಹೀಗೆ. ಒಂದು ಬೆಳಕಿನ ಕಿರಣವನ್ನು ಎರಡು ಮಾಡಿ, ಒಂದನ್ನು ಕಣ್ಣಿಗೆ, ಇನ್ನೊಂದನ್ನು ದೂರ ಗೊತ್ತಿರುವ ಕನ್ನಡಿಗೆ ಕಳಿಸುತ್ತಾರೆ. ಎರಡೂ ಹಿಂದಿರುಗಿ ಒಂದೆಡೆ ಕೂಡುತ್ತವೆ. ಕೆರೆಗೆ ಎರಡು ಕಲ್ಲು ಹಾಕಿದಾಗ ಅಲೆಗಳು ಸೇರುವ ಜಾಗದಲ್ಲಿ ಏರು ಏರಿಗೆ ಸೇರಿ ದೊಡ್ಡದಾಗುತ್ತದಲ್ಲ, ಹಾಗೆಯೇ ಇಲ್ಲಿಯೂ. ಇದಕ್ಕೆ ಬಳಸುವ ಬೆಳಕು ಎಂಥದ್ದೆಂದರೆ, ಎರಡೂ ಕಿರಣ ನಡೆದ ದೂರ ಹೆಚ್ಚುಕಡಿಮೆ ಸಮವಾಗಿದ್ದರೆ ಮಾತ್ರ ಅಲೆಗಳು ಕೂಡಿ ಗುರುತು ಮೂಡಿಸುತ್ತವೆ. ಕನ್ನಡಿಯ ದೂರ ಗೊತ್ತಿದೆ, ಆದ್ದರಿಂದ ಯಾವ ಪದರದಿಂದ ಬೆಳಕು ಹಿಂದಿರುಗಿತು ಎಂಬುದೂ ಗೊತ್ತಾಗುತ್ತದೆ. ಕಾಲ ಅಳೆಯುವ ಕಷ್ಟವೇ ತಪ್ಪಿತು. ಈಗಿನ ಯಂತ್ರಗಳು ಕನ್ನಡಿಯನ್ನು ಸರಿಸುವುದನ್ನೂ ಬಿಟ್ಟು, ಹಿಂದಿರುಗಿದ ಬೆಳಕನ್ನು ಬಣ್ಣಗಳಾಗಿ ಒಡೆದು ಎಲ್ಲ ಆಳಗಳನ್ನೂ ಒಮ್ಮೆಗೇ ಲೆಕ್ಕ ಹಾಕುತ್ತವೆ. ಹಳೆಯ ಯಂತ್ರ ಸೆಕೆಂಡಿಗೆ 400 ಗೆರೆ ಓದುತ್ತಿದ್ದರೆ ಇವು ಹತ್ತಾರು ಸಾವಿರ ಓದುತ್ತವೆ. ಐದರಿಂದ ಏಳು ಮೈಕ್ರಾನ್‌ನಷ್ಟು ಸಣ್ಣ ವ್ಯತ್ಯಾಸ ಸಿಗುತ್ತದೆ. ಒಂದು ಕೆಂಪು ರಕ್ತಕಣದ ಅಗಲ ಸುಮಾರು ಅಷ್ಟು.

ಅಮೆರಿಕದ ಎಂಐಟಿಯಲ್ಲಿ ಜೇಮ್ಸ್ ಫುಜಿಮೋಟೊ, ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್ ಮತ್ತು ಜೊತೆಗಾರರು ಇದನ್ನು 1991ರಲ್ಲಿ ಪ್ರಕಟಿಸಿದರು. ಈ ಮೂವರಿಗೆ 2023ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲ್ಯಾಸ್ಕರ್ ಪ್ರಶಸ್ತಿ ಬಂತು. ಮುಟ್ಟುವುದಿಲ್ಲ, ಎಕ್ಸ್‌ರೇ ಇಲ್ಲ, ಚುಚ್ಚುಮದ್ದು ಇಲ್ಲ. ಕಣ್ಣಿಗೆ ಹೋಗುವುದು ಅತಿ ಮಂದವಾದ, ಬರಿಗಣ್ಣಿಗೆ ಹೆಚ್ಚುಕಡಿಮೆ ಕಾಣದ ಅತಿಗೆಂಪು ಬೆಳಕು.

ರಕ್ತನಾಳ ಸೋರುತ್ತಿದೆಯೇ, ಎಲ್ಲಿ ಸೋರುತ್ತಿದೆ ಎಂದು ತಿಳಿಯಬೇಕಾದರೆ 1961ರಿಂದ ಬಳಕೆಯಲ್ಲಿರುವ ಬಣ್ಣದ ಪರೀಕ್ಷೆ ಇದೆ. ಕೈಯ ನರಕ್ಕೆ ಫ್ಲೋರೆಸೀನ್ ಎಂಬ ಬಣ್ಣ ಕೊಟ್ಟು ನೀಲಿ ಬೆಳಕಿನಲ್ಲಿ ಸಾಲು ಫೋಟೋ ತೆಗೆದರೆ ನಾಳಗಳು ಹಸಿರಾಗಿ ಹೊಳೆಯುತ್ತವೆ. ಒಂದು ದಿನ ಮೂತ್ರ ಗಾಢ ಹಳದಿಯಾಗುತ್ತದೆ, ಕೆಲವರಿಗೆ ವಾಕರಿಕೆ, ಅಪರೂಪಕ್ಕೆ ಗಂಭೀರ ಅಲರ್ಜಿ. ಓಸಿಟಿ ಆಂಜಿಯೋಗ್ರಫಿ ಎಂಬ ಹೊಸ ವಿಧಾನಕ್ಕೆ ಬಣ್ಣ ಬೇಡ. ಒಂದೇ ಜಾಗವನ್ನು ಹಲವು ಸಲ ಓದಿ, ಬದಲಾದದ್ದು ಏನು ಎಂದು ನೋಡುತ್ತದೆ. ಕದಲದ ಕಣ್ಣಿನೊಳಗೆ ಕದಲುವುದು ರಕ್ತ ಮಾತ್ರ, ಹಾಗಾಗಿ ನಾಳಗಳ ಬಲೆ ಚಿತ್ರವಾಗಿ ಮೂಡುತ್ತದೆ. ಸೋರಿಕೆಯನ್ನು ಮಾತ್ರ ಅದು ತೋರಿಸದು. ಆದ್ದರಿಂದ ಹಳೆಯ ಬಣ್ಣದ ಪರೀಕ್ಷೆ ಇನ್ನೂ ಮೂಲೆಗೆ ಸೇರಿಲ್ಲ.

ಗ್ರಹಣ, ಲೇಸರ್, ಹಾಕಿ ಚೆಂಡು, ಕಳೆ ಮೆಷಿನ್

ಕಾಯಿಲೆಗಿಂತ ಪೆಟ್ಟಿನ ವಿಷಯದಲ್ಲಿ ಕೊಡಗಿನಲ್ಲಿ ಹೇಳುವುದು ಬಹಳ ಇದೆ.

2019ರ ಡಿಸೆಂಬರ್ 26ರಂದು ಬೆಳಿಗ್ಗೆ ಉಂಗುರ ಸೂರ್ಯಗ್ರಹಣದ ಪಟ್ಟಿ ದಕ್ಷಿಣ ಕೊಡಗಿನ ಕುಟ್ಟದ ಮೇಲೆಯೇ ಹಾದುಹೋಯಿತು. ಅಂಥ ದಿನ ಬರಿಗಣ್ಣಿನಲ್ಲಿ, ಅಥವಾ ಹಳೆಯ ಎಕ್ಸ್‌ರೇ ಹಾಳೆ ಹಿಡಿದು ಸೂರ್ಯನನ್ನು ನೋಡಿದವರಿಗೆ ಆಗುವ ಗಾಯವೇ ಸೌರ ರೆಟಿನೋಪತಿ. ಕಣ್ಣಿನ ಮಸೂರ ಬೆಳಕನ್ನು ಮ್ಯಾಕುಲಾದ ಮೇಲೆ ಕೂಡಿಸುತ್ತದೆ. ಬಿಸಿಗಿಂತ ಹೆಚ್ಚಾಗಿ ಬೆಳಕೇ ಅಲ್ಲಿನ ಕೋಶಗಳಲ್ಲಿ ರಾಸಾಯನಿಕ ಹಾನಿ ಮಾಡುತ್ತದೆ. ನೋಡುವಾಗ ನೋವಿಲ್ಲ, ಕೆಲ ಗಂಟೆಗಳ ನಂತರ ನೋಟದ ನಟ್ಟನಡುವೆ ಒಂದು ಮಬ್ಬು ಚುಕ್ಕೆ. ವೈದ್ಯರು ಟಾರ್ಚ್ ಹಾಕಿ ನೋಡಿದರೆ ಕೆಲವೊಮ್ಮೆ ಎಲ್ಲ ಸರಿಯೆಂಬಂತೆ ಕಾಣುತ್ತದೆ. ಓಸಿಟಿಯಲ್ಲಿ ಮಾತ್ರ, ತಳದ ಬೆಳಕು ಹಿಡಿಯುವ ಪದರದ ಹೊಳೆಯುವ ಗೆರೆಯಲ್ಲಿ ಹಲ್ಲು ಕಿತ್ತಂಥ ಒಂದು ಪುಟ್ಟ ಖಾಲಿ ಜಾಗ. ಹಲವರಿಗೆ ತಿಂಗಳುಗಳಲ್ಲಿ ನೋಟ ಸುಧಾರಿಸುತ್ತದೆ, ಕೆಲವರಿಗೆ ಚುಕ್ಕೆ ಉಳಿದೇಬಿಡುತ್ತದೆ. ಖಚಿತವಾದ ಮದ್ದು ಇಲ್ಲ. 2031ರ ಮೇ 21ರಂದು ಮತ್ತೊಂದು ಉಂಗುರ ಗ್ರಹಣ ಕೇರಳ ಮತ್ತು ತಮಿಳುನಾಡನ್ನು ದಾಟಲಿದೆ, ನಮಗೂ ಸೂರ್ಯನ ಬಹುಭಾಗ ಮುಚ್ಚಲಿದೆ. ಶಾಲೆಗಳಲ್ಲಿ ಗ್ರಹಣದ ಕನ್ನಡಕ ಹಂಚುವ ಮಾತು ಆಗ ಅಲ್ಲ, ಅದಕ್ಕೂ ಮುಂಚೆ ಶುರುವಾಗಬೇಕು.

ಲೇಸರ್ ಅದಕ್ಕಿಂತ ಹತ್ತಿರದ ಅಪಾಯ. ಕಣ್ಣಿನ ಮಸೂರ ರೆಟಿನಾದ ಮೇಲೆ ಬೆಳಕಿನ ತೀವ್ರತೆಯನ್ನು ಸುಮಾರು 1 ಲಕ್ಷ ಪಟ್ಟು ಹೆಚ್ಚಿಸಬಲ್ಲದು. ರೆಪ್ಪೆ ಮುಚ್ಚಲು ನಮಗೆ ಕಾಲು ಸೆಕೆಂಡು ಬೇಕು. ಮೈಕ್ ಹಿಡಿದ ಮೇಷ್ಟ್ರ ಕೈಯ ಕಡಿಮೆ ಶಕ್ತಿಯ ಕೆಂಪು ಚುಕ್ಕೆ ಆ ಕಾಲು ಸೆಕೆಂಡಿನಲ್ಲಿ ಹಾನಿ ಮಾಡುವುದು ಅಪರೂಪ. ಜಾತ್ರೆಯಲ್ಲಿ ಮಕ್ಕಳಿಗೆ ಮಾರುವ ಹಸಿರು ಲೇಸರ್ ಪೆನ್ನುಗಳ ಶಕ್ತಿ ಚೀಟಿಯಲ್ಲಿ ಬರೆದದ್ದಕ್ಕಿಂತ ಎಷ್ಟೋ ಹೆಚ್ಚಿರಬಹುದು. ಮೆರವಣಿಗೆಗಳ ದೊಡ್ಡ ಲೇಸರ್ ದೀಪಗಳ ವಿಷಯದಲ್ಲಿ ಮಹಾರಾಷ್ಟ್ರದ ಕಣ್ಣಿನ ವೈದ್ಯರು ಗಣೇಶೋತ್ಸವಗಳ ನಂತರ ಎಚ್ಚರಿಸಿದ್ದಾರೆ. ಮಡಿಕೇರಿ ದಸರಾದ ರಾತ್ರಿ ಹತ್ತು ಮಂಟಪಗಳ ಬೆಳಕಿನಾಟ ನೋಡಲು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುವವರಲ್ಲಿ ನಾನೂ ಒಬ್ಬ. ಮಂಟಪಗಳ ಸಂಭ್ರಮ ನಮ್ಮೆಲ್ಲರದ್ದು. ಲೇಸರ್ ಬಳಸುವುದಾದರೆ ಅದರ ಕಿರಣ ಜನರ ತಲೆಯ ಮಟ್ಟಕ್ಕೆ ಇಳಿಯಬಾರದು ಎಂಬ ಒಂದು ಶರತ್ತು ಹಾಕಿದರೆ ಆ ಸಂಭ್ರಮಕ್ಕೆ ಏನೂ ಕಡಿಮೆಯಾಗದು.

ಇನ್ನು ಮೊಂಡು ಪೆಟ್ಟು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಈಗ 300ಕ್ಕೂ ಹೆಚ್ಚು ಮನೆತನಗಳ ತಂಡಗಳು ಆಡುತ್ತವೆ. ಹಾಕಿ ಚೆಂಡು ಕಣ್ಣಿಗೆ ಬಡಿದರೆ ಕಣ್ಣುಗುಡ್ಡೆ ಒಂದು ಕ್ಷಣ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ, ಆ ಅಲುಗಾಟ ಹಿಂದಿನ ಪೊರೆಗೆ ತಲುಪುತ್ತದೆ. ರೆಟಿನಾ ಬೂದಿ ಬಿಳುಪಿಗೆ ತಿರುಗುವ ಇಂಥ ಗಾಯವನ್ನು 1873ರಲ್ಲಿ ಬರ್ಲಿನ್ ಎಂಬ ಜರ್ಮನ್ ವೈದ್ಯ ವಿವರಿಸಿದ. ನೀರು ತುಂಬಿದ ಊತವೆಂದೇ ಅದಕ್ಕೆ ಹೆಸರು ಬಿತ್ತು. ಓಸಿಟಿ ಬಂದ ಮೇಲೆ ಸೀಳಿ ನೋಡಿದರೆ ಅಲ್ಲಿ ಹೆಚ್ಚಾಗಿ ಇದ್ದದ್ದು ನೀರಲ್ಲ, ಬೆಳಕು ಹಿಡಿಯುವ ಕೋಶಗಳ ತುದಿಗಳು ಕೆದರಿಹೋಗಿದ್ದವು. ನೂರಕ್ಕೂ ಹೆಚ್ಚು ವರ್ಷ ಓಡಿದ ತಿಳಿವಳಿಕೆಯನ್ನು ಒಂದು ಚಿತ್ರ ತಿದ್ದಿತು. ರೋಗಿಗೂ ಇದರಿಂದ ಉಪಯೋಗವಿದೆ: ಆ ಗೆರೆ ಎಷ್ಟು ಉಳಿದಿದೆ ಎಂಬುದರ ಮೇಲೆ ನೋಟ ಎಷ್ಟು ಮರಳೀತು ಎಂದು ವೈದ್ಯರು ಅಂದಾಜು ಹೇಳಬಲ್ಲರು.

ತೋಟದ ಕೆಲಸದಲ್ಲಿ ಚೆಂಡಿನ ಜಾಗಕ್ಕೆ ಕಲ್ಲು ಬರುತ್ತದೆ. ಕಳೆ ಹೊಡೆಯುವ ಮೆಷಿನ್ ಹಾರಿಸಿದ ಹರಳು, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವಾಗ ಚಿಮ್ಮಿದ ಕೊಂಬೆ, ಏಣಿ ಹತ್ತಿ ಒಳ್ಳೆಮೆಣಸು ಕುಯ್ಯುವಾಗ ತಿವಿದ ಚಿಗುರು. ಎರಡು ದಿನ ಕಣ್ಣು ಕೆಂಪಾಗಿ ಆರಿದರೆ ಎಲ್ಲರೂ ಮರೆಯುತ್ತಾರೆ. ಆದರೆ ಪೆಟ್ಟಿನಿಂದ ರೆಟಿನಾದ ಅಂಚಿನಲ್ಲಿ ಸಣ್ಣ ಹರುಕು ಉಂಟಾಗಿದ್ದರೆ ವಾರಗಳ, ತಿಂಗಳುಗಳ ನಂತರವೂ ಅದರ ಮೂಲಕ ನೀರು ನುಗ್ಗಿ ಪೊರೆ ಗೋಡೆಯಿಂದ ಕಳಚಿಕೊಳ್ಳಬಹುದು. ಕಣ್ಣ ಮುಂದೆ ಮಿಂಚು ಹೊಡೆದಂತೆ, ಹೊಸದಾಗಿ ಕಪ್ಪು ಎಳೆಗಳು ತೇಲಿದಂತೆ, ಬದಿಯಿಂದ ಪರದೆ ಇಳಿದಂತೆ ಕಂಡರೆ ಅದು ಅದೇ ದಿನ ಹೊರಡಬೇಕಾದ ಪ್ರಯಾಣ. ಇಂಥ ಅಂಚಿನ ಹರುಕು ಸಾಮಾನ್ಯ ಫಂಡಸ್ ಫೋಟೋದಲ್ಲಿ ಸಿಗುವುದಿಲ್ಲ, ಅದು ನಡುವಿನ 45 ಡಿಗ್ರಿಯಷ್ಟನ್ನು ಮಾತ್ರ ನೋಡುತ್ತದೆ. ಒಮ್ಮೆಗೇ 200 ಡಿಗ್ರಿ ಹಿಡಿಯುವ ಯಂತ್ರವನ್ನು ಮಾಡಿದ್ದು ಸ್ಕಾಟ್ಲೆಂಡಿನ ಡಗ್ಲಾಸ್ ಆಂಡರ್ಸನ್. ರೆಟಿನಾ ಕಳಚಿದ್ದು ಸಮಯಕ್ಕೆ ಗೊತ್ತಾಗದೆ ಅವರ ಪುಟ್ಟ ಮಗ ಒಂದು ಕಣ್ಣು ಕಳೆದುಕೊಂಡಿದ್ದ. ಆ ಯಂತ್ರ ಇಲ್ಲದ ಕಡೆ, ಪಾಪೆ ಹಿಗ್ಗಿಸಿ ತಲೆಗೆ ದೀಪ ಕಟ್ಟಿಕೊಂಡು ಅಂಚಿನವರೆಗೆ ನೋಡುವ ನುರಿತ ವೈದ್ಯರೇ ಇಂದಿಗೂ ದಿಕ್ಕು. ಕಣ್ಣೊಳಗೆ ರಕ್ತ ತುಂಬಿದ್ದರೆ, ಮಸೂರಕ್ಕೆ ಪೊರೆ ಬಂದು ಬಲಿತಿದ್ದರೆ ಬೆಳಕೇ ಒಳಹೋಗದು. ಅಲ್ಲಿ ಓಸಿಟಿಯೂ ಸೋಲುತ್ತದೆ, ಮತ್ತೆ ಅಲ್ಟ್ರಾಸೌಂಡ್‌ಗೇ ಮೊರೆ.

ಯಂತ್ರ ಎಲ್ಲಿರಬೇಕು

ಭಾರತದಲ್ಲಿ 10 ಕೋಟಿ 10 ಲಕ್ಷ ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ದೊಡ್ಡ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ದೊಡ್ಡವರಲ್ಲಿ ಬರುವ ಶುಗರ್ ಗೊತ್ತಾದ ದಿನವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರೆಟಿನಾ ನೋಡಿಸಬೇಕು ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ನಿಯಮ. ಕಣ್ಣಿನ ನರ ನಿಧಾನವಾಗಿ ಸಾಯುವ ಗ್ಲಾಕೋಮಾದಲ್ಲಿ ನರತಂತುಗಳ ಕಾಲುಭಾಗದಷ್ಟು ಸತ್ತ ಮೇಲೂ ದೃಷ್ಟಿ ಪರೀಕ್ಷೆ ಸರಿಯಾಗಿಯೇ ಬರಬಹುದು, ಓಸಿಟಿ ಆ ತಂತುಗಳ ದಪ್ಪವನ್ನೇ ಅಳೆಯುತ್ತದೆ. ಗಂಟುನೋವಿಗೆ ವರ್ಷಗಟ್ಟಲೆ ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗುವವರು, ಆ ಮಾತ್ರೆ ರೆಟಿನಾವನ್ನು ಕೆಡಿಸಬಲ್ಲದಾದ್ದರಿಂದ, ಐದು ವರ್ಷದ ನಂತರ ಪ್ರತಿವರ್ಷ ಸ್ಕ್ಯಾನ್ ಮಾಡಿಸಬೇಕು. ಈ ಮಾತನ್ನು ಮಾತ್ರೆ ಬರೆಯುವಾಗಲೇ ಹೇಳುವವರು ಕಡಿಮೆ.

2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ರೈಲಿಲ್ಲದ, ಗುಡ್ಡಗಾಡಿನ ಜಿಲ್ಲೆ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ ರೆಟಿನಾ ಎಂದ ಕೂಡಲೇ ನಮ್ಮವರು ಹೊರಡುವುದು ಮೈಸೂರಿಗೆ, ಮಂಗಳೂರಿಗೆ, ಬೆಂಗಳೂರಿಗೆ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೆ ನಾಲ್ಕಾರು ಗಂಟೆ ಕಣ್ಣು ಮಂಜು, ಬಿಸಿಲು ಚುಚ್ಚುತ್ತದೆ, ತಿರುವುಗಳ ರಸ್ತೆಯಲ್ಲಿ ಸ್ವಂತ ಗಾಡಿ ಓಡಿಸುವಂತಿಲ್ಲ. ಅಂದರೆ ಜೊತೆಗೆ ಇನ್ನೊಬ್ಬರು ಬೇಕು. ತೋಟದ ಲೈನ್ ಮನೆಯಲ್ಲಿರುವ ಕೂಲಿ ಹೆಂಗಸಿಗೆ, ಆದಿವಾಸಿ ಹಾಡಿಯಿಂದ ಬರುವ ಮುದುಕನಿಗೆ ಇದು ಎರಡು ಜನರ ಎರಡು ದಿನದ ಕೂಲಿ. "ಕಾಣ್ತದಲ್ಲ, ಸಾಕು" ಎಂಬ ಉತ್ತರ ಅಲ್ಲಿಂದ ಬರುತ್ತದೆ. ಅದನ್ನು ಅಜ್ಞಾನ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಹಲವು ಲಕ್ಷದ ಒಂದು ಓಸಿಟಿ ಜಿಲ್ಲೆಗೆ ಖಂಡಿತ ಬೇಕು, ಆದರೆ ಮೊದಲು ಬೇಕಾದ್ದು ಶುಗರ್ ಬಿಪಿ ನೋಡುವ ಜಾಗದಲ್ಲಿಯೇ ಒಂದು ಸರಳ ಫಂಡಸ್ ಕ್ಯಾಮೆರಾ. ಸಿದ್ದಾಪುರದಲ್ಲಿ, ಗೋಣಿಕೊಪ್ಪದಲ್ಲಿ, ನಾಪೋಕ್ಲುವಿನಲ್ಲಿ, ಶನಿವಾರಸಂತೆಯಲ್ಲಿ ಸಂತೆಯ ದಿನ, ಜನ ಹೇಗೂ ಬಂದಿರುವ ದಿನ. ಇಂಥ ಕ್ಯಾಮೆರಾ ಹೊರದೇಶದಿಂದ ತರಬೇಕಾಗಿಲ್ಲ. ಬೆಂಗಳೂರಿನ ಫೋರಸ್ ಹೆಲ್ತ್ ಮಾಡಿದ ತ್ರೀನೇತ್ರ, ರೆಮಿಡಿಯೊ ಮಾಡಿದ ಫೋನಿಗೆ ಜೋಡಿಸುವ ಕ್ಯಾಮೆರಾ ಎರಡೂ ಇಲ್ಲಿಯವೇ. ವೈದ್ಯರೇ ಚಿತ್ರ ತೆಗೆಯಬೇಕಾಗಿಯೂ ಇಲ್ಲ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ರೆಟಿನಾ ಕಾಯಿಲೆಯನ್ನು ಪತ್ತೆಹಚ್ಚಲು ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆ ಇದನ್ನು ಕರ್ನಾಟಕದಲ್ಲೇ ತೋರಿಸಿಕೊಟ್ಟಿದೆ: ತರಬೇತಾದ ತಂತ್ರಜ್ಞರು ಜಿಲ್ಲೆಗಳಿಗೆ ಹೋಗಿ ಕ್ಯಾಮೆರಾದಲ್ಲಿ ಶಿಶುಗಳ ಕಣ್ಣು ಚಿತ್ರಿಸುತ್ತಾರೆ, ದೂರದ ತಜ್ಞರು ಫೋನಿನಲ್ಲೇ ನೋಡಿ ಹೇಳುತ್ತಾರೆ. ಆ ಕಾಯಿಲೆಯಲ್ಲಿ ಹುಟ್ಟಿದ 30 ದಿನದೊಳಗೆ ಕಣ್ಣು ನೋಡಲೇಬೇಕು, ವಾರ ತಪ್ಪಿದರೆ ಮಗುವಿನ ಬದುಕೇ ಕತ್ತಲು. ಅಂಥ ಕಟ್ಟುನಿಟ್ಟಿನ ಕೆಲಸವನ್ನು ನಿಭಾಯಿಸಿದ ದಾರಿ ಶುಗರ್ ರೋಗಿಗಳಿಗೆ ಏಕೆ ಸಾಲದು?

ಚಿತ್ರ ಓದಲು ಕೃತಕ ಬುದ್ಧಿಮತ್ತೆಯೂ ಬಂದಿದೆ. 2016ರಲ್ಲಿ ಗೂಗಲ್ ಸಂಶೋಧಕರು 1,28,175 ಚಿತ್ರಗಳಿಂದ ಕಲಿಸಿದ ತಂತ್ರಾಂಶ ಶುಗರ್‌ನ ರೆಟಿನಾ ಕಾಯಿಲೆಯನ್ನು ತಜ್ಞರ ಮಟ್ಟದಲ್ಲಿ ಗುರುತಿಸಿತು. ಆ ಚಿತ್ರಗಳಲ್ಲಿ ಭಾರತದ ಮೂರು ಕಣ್ಣಾಸ್ಪತ್ರೆಗಳವೂ ಇದ್ದವು. ಆದರೆ ಅದನ್ನು ಥಾಯ್ಲೆಂಡಿನ ಹಳ್ಳಿ ಪಟ್ಟಣಗಳ ಕ್ಲಿನಿಕ್ಕುಗಳಿಗೆ ಒಯ್ದಾಗ ಐದರಲ್ಲಿ ಒಂದರಷ್ಟು ಚಿತ್ರಗಳನ್ನು ತಂತ್ರಾಂಶ ತಿರಸ್ಕರಿಸಿತು. ಕೋಣೆ ಸಾಕಷ್ಟು ಕತ್ತಲಾಗಿರಲಿಲ್ಲ, ನೆಟ್ ನಿಧಾನವಾಗಿತ್ತು. ಜೂನ್ ಜುಲೈನಲ್ಲಿ ಕರೆಂಟು ದಿನಗಟ್ಟಲೆ ಹೋಗುವ, ಟವರ್ ಸಿಗದ ನಮ್ಮ ಊರುಗಳಿಗೆ ಈ ಪಾಠ ಮುಖ್ಯ. ನೆಟ್ ಇಲ್ಲದೆ ಫೋನಿನಲ್ಲೇ ಚಿತ್ರ ಓದುವ ತಂತ್ರಾಂಶಗಳು ಭಾರತದಲ್ಲಿ ಪರೀಕ್ಷೆಗೊಳಗಾಗಿವೆ, ಕೊಡಗಿಗೆ ಹೊಂದುವುದು ಅವೇ. ಇನ್ನೊಂದು ಸಂಗತಿಯನ್ನು ಯಾವ ಕಂಪನಿಯೂ ತನ್ನ ಪತ್ರಿಕೆಯಲ್ಲಿ ಬರೆಯದು: ಇಲ್ಲಿನ ಮಳೆಗಾಲದ ತೇವಕ್ಕೆ ಮಸೂರಗಳಿಗೆ ಬೂಷ್ಟು ಹಿಡಿಯುತ್ತದೆ. ಮದುವೆ ಫೋಟೋ ತೆಗೆಯುವ ನಮ್ಮ ಹುಡುಗರು ಕ್ಯಾಮೆರಾವನ್ನು ಬಲ್ಬ್ ಉರಿಸಿದ ಪೆಟ್ಟಿಗೆಯಲ್ಲಿ ಇಡುವುದು ಸುಮ್ಮನೆ ಅಲ್ಲ. ಕಣ್ಣಿನ ಕ್ಯಾಮೆರಾ ಕೊಡುವ ಯೋಜನೆಯಲ್ಲಿ ಒಣಪೆಟ್ಟಿಗೆಯ ಖರ್ಚೂ ಸೇರಿರಬೇಕು. ಇಲ್ಲವಾದರೆ ಎರಡನೇ ಮಳೆಗಾಲಕ್ಕೆ ಚಿತ್ರದ ತುಂಬ ಬಿಳಿ ಎಳೆ, ಮೂರನೆಯದಕ್ಕೆ ಯಂತ್ರ ಅಟ್ಟಕ್ಕೆ.

ಚಿತ್ರ ತೆಗೆದು "ಮೇಲಿನ ಆಸ್ಪತ್ರೆಗೆ ಹೋಗಿ" ಎಂದು ಚೀಟಿ ಕೊಟ್ಟರೆ ಕೆಲಸ ಮುಗಿಯದು. ದೊಡ್ಡಪ್ಪನಿಗೆ ಸಿಕ್ಕ ಚಿಕಿತ್ಸೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್, ಮೊದಲ ಕೆಲ ತಿಂಗಳು ತಿಂಗಳಿಗೊಂದು. ಪ್ರತಿ ಸಲವೂ ಸ್ಕ್ಯಾನ್ ನೋಡಿಯೇ ಮುಂದಿನದ್ದು ಬೇಕೋ ಬೇಡವೋ ಎಂದು ತೀರ್ಮಾನ. ಜುಲೈಯ ಇಂಜೆಕ್ಷನ್ ತಪ್ಪಿತು. ಮೂರು ದಿನ ಬಿಡದ ಮಳೆ, ರಸ್ತೆಗೆ ಮರ, ಗದ್ದೆ ನಾಟಿ. ಆಗಸ್ಟಿನ ಚಿತ್ರದಲ್ಲಿ ಇಳಿದಿದ್ದ ಗುಡ್ಡ ಮತ್ತೆ ತಲೆಯೆತ್ತಿತ್ತು. ಅಂಥ ತಿಂಗಳುಗಳಿಗಾದರೂ ಜಿಲ್ಲೆಯೊಳಗೆ ಇಂಜೆಕ್ಷನ್ ಸಿಗುವಂತಾಗಬೇಕು, ಹೊರಗಿನ ತಜ್ಞರು ತಿಂಗಳಿಗೆ ಎರಡು ದಿನ ಬಂದರೂ ಸರಿ. ಮತ್ತು ಚಿತ್ರದ ಪ್ರತಿ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಮಾತ್ರ ಉಳಿಯದೆ ರೋಗಿಯ ಕೈಗೂ ಬರಬೇಕು. ನಾವು ಎರಡನೇ ಸಲ ಹೋದಾಗ ಮೊದಲ ಚಿತ್ರ ಹುಡುಕಲು ಅರ್ಧ ಗಂಟೆ ಹಿಡಿಯಿತು. ಊರು ಬದಲಾದರೆ, ವೈದ್ಯರು ಬದಲಾದರೆ ಅದೂ ಇಲ್ಲ. ಕೇಳಿ ಪಡೆಯಿರಿ, ಫೋನಿನಲ್ಲಿ ಫೋಟೋ ಹೊಡೆದುಕೊಂಡಾದರೂ ಇಟ್ಟುಕೊಳ್ಳಿ. ಕಣ್ಣು ಚೆನ್ನಾಗಿರುವಾಗ ತೆಗೆದ ಒಂದು ಚಿತ್ರ, ಕೆಟ್ಟ ಮೇಲೆ ತೆಗೆದ ಹತ್ತಕ್ಕೆ ಅರ್ಥ ಕೊಡುತ್ತದೆ.

ದೊಡ್ಡಪ್ಪ ಈಗ ಬೆಳಿಗ್ಗೆ ಮಳೆ ಪುಸ್ತಕ ತೆರೆದಾಗ ಒಂದೊಂದೇ ಕಣ್ಣು ಮುಚ್ಚಿ ಅದರ ಗೆರೆ ನೋಡುತ್ತಾರೆ. ವೈದ್ಯರು ಕೊಟ್ಟ ಚೌಕುಳಿ ಹಾಳೆ ಗೋಡೆಯಲ್ಲಿದೆ, ಅವರಿಗೆ ಪುಸ್ತಕದ ಗೆರೆಯ ಮೇಲೇ ನಂಬಿಕೆ. ಹೋದ ತಿಂಗಳು ನಾನು ಹೋದಾಗ ಕಣದಲ್ಲಿ ಕೂತು ಬರೆಯುತ್ತಿದ್ದರು. ಮಗ್ಗುಲಲ್ಲಿ ಇಣುಕಿದೆ. ತಾರೀಕಿನ ಮುಂದೆ ಎಂದಿನಂತೆ ಮಳೆ, 0 ಇಂಚು 35 ಸೆಂಟು. ಅದರ ಪಕ್ಕದಲ್ಲಿ ಹೊಸದಾಗಿ ಎಳೆದ ಕೋಲಂನಲ್ಲಿ, ಅದೇ ಕೈಬರಹದಲ್ಲಿ: ಬಲಗಣ್ಣು 312, ಎಡಗಣ್ಣು 268.